ಎರಡು ಅಡಿ ಗೋಡೆ, ಮೂರು ಡಬ್ಬಿ

ನಮ್ಮ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರಲ್ಲಿ ಹಳೇ ಟೆಲಿಫೋನ್ ಕಾಲದ ಒಂದು ಮೋಡೆಮ್, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ‘ಬೂಸ್ಟರ್’, ಯಾವುದು ಯಾವುದಕ್ಕೆ ಎಂದು ಯಾರಿಗೂ ಗೊತ್ತಿಲ್ಲದ ನಾಲ್ಕು ಅಡಾಪ್ಟರ್ ಇವೆ. ಮೊನ್ನೆ ಹೆಂಡತಿ ಅದನ್ನು ಗುಜರಿಗೆ ಹಾಕೋಣ ಅಂದಳು. ಬೂಸ್ಟರ್ ಮಾತ್ರ ಬೇಡ ಅಂದೆ. ಅದಕ್ಕೆ ಕೊಟ್ಟ 1,450 ರೂಪಾಯಿ ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ವಿಜಯಪುರದ ಶಹಾಪುರ ಅಗಸಿ ಕಡೆ ನಮ್ಮ ಮನೆ. ಮುಂದಿನ ಭಾಗ ನಮ್ಮಜ್ಜ ಕಟ್ಟಿಸಿದ್ದು. ಕರಿಕಲ್ಲು, ಮಣ್ಣು, ಸುಣ್ಣ. ಗೋಡೆ ಎರಡು ಅಡಿ ದಪ್ಪ. ಏಪ್ರಿಲ್ ಮೇ ತಿಂಗಳಲ್ಲಿ ಊರೆಲ್ಲ ಕಾದ ಹಂಚಾದಾಗ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ ಫ್ಯಾನ್ ಕೂಡ ಬೇಡ. ಪಡಸಾಲೆ ದಾಟಿದರೆ ನಡುಮನೆ, ಅದರ ಬದಿಗೆ ಅಡಿಗೆ ಮನೆ, ಆಮೇಲೆ ಸಣ್ಣ ಅಂಗಳ. ಅಂಗಳದಾಚೆ ನಾನು ಸಾಲ ಮಾಡಿ ಕಟ್ಟಿಸಿದ ಎರಡು ಆರ್‌ಸಿಸಿ ಕೋಣೆ, ಒಂದರ ಮೇಲೆ ಒಂದು. ಕೆಳಗಿನದು ಮಗಳ ಓದಿನ ಕೋಣೆ. ಮೇಲಿನದರಲ್ಲಿ ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳು ವಿಡಿಯೋ ಕಾಲ್ ಮಾಡಿ ಡಿಸೈನ್ ತೋರಿಸುತ್ತಾರೆ.

ಇಂಟರ್ನೆಟ್ ಬರುವುದು ರಸ್ತೆ ಕಡೆಯಿಂದ. ಹಾಗಾಗಿ ಅದರ ಬಿಳಿ ಡಬ್ಬಿ ಪಡಸಾಲೆಯ ಬಾಗಿಲ ಮೇಲೆ ಕೂತಿತ್ತು. ನೆಟ್ ಬೇಕಾದ ಇಬ್ಬರು ಮನೆಯ ಆ ತುದಿಯಲ್ಲಿ. ನಡುವೆ ಅಜ್ಜನ ಎರಡು ಗೋಡೆ.

ಜೂನ್‌ನಲ್ಲಿ ಮಗಳ ಪಿಯುಸಿ ಎರಡನೇ ವರ್ಷ ಶುರುವಾಯಿತು. ಸಂಜೆ ಆನ್‌ಲೈನ್ ಕ್ಲಾಸು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದವರು ಕೈ ಎತ್ತಿಕೊಂಡೇ ನಿಂತುಬಿಡುತ್ತಿದ್ದರು. ಇವಳು ಫೋನ್ ಹಿಡಿದು ಅಂಗಳಕ್ಕೆ, ಅಂಗಳದಿಂದ ನಡುಮನೆಗೆ, ಕೊನೆಗೆ ಪಡಸಾಲೆಗೆ ಬರುತ್ತಿದ್ದಳು. ಅಲ್ಲಿ ಅವ್ವ ಟಿವಿ ಹಚ್ಚಿಕೊಂಡು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳ ಹಳೇ ಪ್ರವಚನ ಕೇಳುತ್ತಿರುತ್ತಿದ್ದಳು. ಒಂದು ಕಡೆ ಉಪನಿಷತ್ತು, ಇನ್ನೊಂದು ಕಡೆ ಆರ್ಗ್ಯಾನಿಕ್ ಕೆಮಿಸ್ಟ್ರಿ. ಇಬ್ಬರಿಗೂ ಸಿಟ್ಟು ಬರುತ್ತಿದ್ದದ್ದು ನನ್ನ ಮೇಲೆ.

ಲೈನಿನ ಹುಡುಗನನ್ನು ಕರೆಸಿದೆ. ಅವನು ಫೋನಿನಲ್ಲಿ ಏನೋ ತೆರೆದು ನೋಡಿ, “ಸರ, ನಿಮ್ಮ ಲೈನ್ ಓಕೆ ಐತ್ರಿ. ಪವರ್ ಮೈನಸ್ ಇಪ್ಪತ್ತೊಂದು ತೋರಸಾಕತ್ತೈತಿ” ಅಂದ.

ನಾನು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಮೈನಸ್ ಅಂದರೆ ನಷ್ಟ ಅಂತಲೇ ನನ್ನ ತಲೆಗೆ ಬರುವುದು. “ಮೈನಸ್ ಇದ್ರ ಓಕೆ ಹೆಂಗಪ್ಪಾ?” ಎಂದು ಜಗಳಕ್ಕೇ ನಿಂತೆ. ಆಮೇಲೆ ಗೊತ್ತಾಯಿತು, ಫೈಬರ್‌ನಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಅಳೆಯುತ್ತಾರೆ. ಮನೆಗೆ ಬಂದು ಮುಟ್ಟುವಷ್ಟರಲ್ಲಿ ಅದು ಮೈನಸ್ಸಿನಲ್ಲೇ ಇರುತ್ತದೆ. ಮೈನಸ್ 21 ಅಂದರೆ ಚೆನ್ನಾಗಿದೆ ಅಂತ ಅರ್ಥ. ಮೈನಸ್ 27 ದಾಟಿದರೆ ಹೆಚ್ಚಿನ ಡಬ್ಬಿಗಳು ತಡವರಿಸುತ್ತವೆ. ಪಾಪ, ಹುಡುಗ ಸರಿಯಾಗಿಯೇ ಹೇಳಿದ್ದ. ಆದರೆ ಹೋಗುವಾಗ ಒಂದು ಮಾತು ಸೇರಿಸಿದ: “ಪ್ಲಾನ್ ದೊಡ್ಡದು ಮಾಡ್ಕೋರಿ ಸರ.”

ಮಾಡಿಕೊಂಡೆ. 60 ಎಂಬಿಪಿಎಸ್ ವೇಗ ಇದ್ದದ್ದು 200 ಆಯಿತು. ಪಡಸಾಲೆಯಲ್ಲಿ ಅಳೆದರೆ 190. ಮಗಳ ಕೋಣೆಯಲ್ಲಿ ಮೊದಲು 3 ಇತ್ತು, ಈಗಲೂ 3. ಓಣಿಯ ನಳಕ್ಕೆ ನೀರು ಜೋರಾಗಿ ಬಂದರೂ ನಮ್ಮ ಹಿತ್ತಲಿಗೆ ಪೈಪೇ ಇಲ್ಲದಿದ್ದರೆ ಏನು ಉಪಯೋಗ? ಇದು ಹೊಳೆಯಲಿಕ್ಕೆ ನನಗೆ ಎರಡು ತಿಂಗಳ ಬಿಲ್ಲು ಬೇಕಾಯಿತು.

ಆಮೇಲೆ ಶಾಸ್ತ್ರಿ ಮಾರ್ಕೆಟ್ಟಿಗೆ ಹೋದೆ. ಅಂಗಡಿಯವನಿಗೆ “ವೈಫೈ ಹಿಂದಿನ ಕೋಣೆಗೆ ಬರಬೇಕು” ಅಂದೆ. ಅವನು ಬೂಸ್ಟರ್ ಕೊಟ್ಟ. ಅದರ ಸರಿಯಾದ ಹೆಸರು ರಿಪೀಟರ್, ಎಕ್ಸ್‌ಟೆಂಡರ್ ಅಂತಲೂ ಕರೆಯುತ್ತಾರೆ. ಬೂಸ್ಟರ್ ಎಂಬ ಹೆಸರೇ ಸುಳ್ಳು, ಅದು ಏನನ್ನೂ ಹೆಚ್ಚು ಮಾಡುವುದಿಲ್ಲ. ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ಹೇಳುತ್ತದೆ, ಅಷ್ಟೇ.

ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. ಎಲ್ಲಿ ನೆಟ್ ಬರುವುದಿಲ್ಲವೋ ಅಲ್ಲೇ ಸಿಕ್ಕಿಸಿದೆ. ತನಗೇ ಕೇಳಿಸದ ಮಾತನ್ನು ಅದು ಮುಂದೆ ಹೇಗೆ ಹೇಳಬೇಕು? ನಂತರ ಅಡಿಗೆ ಮನೆಯ ಮಿಕ್ಸಿ ಪ್ಲಗ್ಗಿಗೆ ಬದಲಿಸಿದೆ. ಮಗಳ ಕೋಣೆಯಲ್ಲಿ 20, 25 ಬಂತು. ಖುಷಿಯಾಯಿತು. ಸಂಜೆ ಹೆಂಡತಿಯ ವಿಡಿಯೋ ಕಾಲ್ ಕೂಡ ಸೇರಿದಾಗ 6ಕ್ಕೆ ಇಳಿಯಿತು. ಅಷ್ಟರಲ್ಲಿ ಚಟ್ನಿ ರುಬ್ಬಬೇಕು ಅಂತ ಯಾರಾದರೂ ಅದನ್ನೇ ಕಿತ್ತು ಮಿಕ್ಸಿ ಹಚ್ಚುವರು. ಕ್ಲಾಸ್ ಖತಮ್.

ಗೋಳಗುಮ್ಮಟದ ಮೇಲಿನ ಪಿಸುಮಾತಿನ ಗ್ಯಾಲರಿಗೆ ಹೋದವರಿಗೆ ಇದು ಬೇಗ ತಿಳಿಯುತ್ತದೆ. ಮುಂಜಾನೆ ಬೇಗ, ಜನ ಇಲ್ಲದಾಗ ಹೋದರೆ ಈಚೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಆಚೆ ಬದಿಯವರಿಗೆ ಸ್ವಚ್ಛ ಕೇಳುತ್ತದೆ. ಅದೇ ಶಾಲೆಯ ಪ್ರವಾಸದ ದಿನ ಹೋಗಿ ನೋಡಿ. ನೂರು ಹುಡುಗರ ಕೂಗು, ಪ್ರತಿ ಕೂಗಿಗೂ ಗುಮ್ಮಟದ ಮರುಕೂಗು. ಪಕ್ಕದವನು ಏನಂದ ಅಂತಲೂ ತಿಳಿಯುವುದಿಲ್ಲ. ಸಾದಾ ರಿಪೀಟರ್ ಪಾಡೂ ಅದೇ. ಒಂದೇ ಚಾನೆಲ್ಲಿನಲ್ಲಿ, ಅಂದರೆ ಗಾಳಿಯ ಒಂದೇ ದಾರಿಯಲ್ಲಿ ಕೇಳಬೇಕು, ಅದರಲ್ಲೇ ತಿರುಗಿ ಹೇಳಬೇಕು. ಹೇಳುವಾಗ ಕೇಳಲಾಗದು. ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಅದೂ ಅದಕ್ಕೆ ಚೆನ್ನಾಗಿ ಕೇಳಿಸಿದರೆ ಮಾತ್ರ.

ಎರಡನೇ ಸಲ ಅಂಗಡಿಗೆ ಹೋದಾಗ ನಾನೇ ಬುದ್ಧಿವಂತನಾಗಿದ್ದೆ. “ಒಂದು ಲೈನ್ ಎರಡು ಕಡೆ ಮಾಡೋದು ಕೊಡ್ರಿ” ಅಂದೆ. ಐದು ತೂತಿನ ಒಂದು ಸಣ್ಣ ಕಬ್ಬಿಣದ ಡಬ್ಬಿ ಕೊಟ್ಟ. 1,150 ರೂಪಾಯಿ. ಮನೆಗೆ ತಂದು ನೋಡಿದರೆ ಆಂಟೆನಾ ಇಲ್ಲ, ವೈಫೈ ಹೆಸರು ಬರುವುದಿಲ್ಲ, ಪಾಸ್‌ವರ್ಡ್ ಇಲ್ಲ. ಕೆಟ್ಟದ್ದು ಕೊಟ್ಟ ಅಂದುಕೊಂಡೆ. ಅದು ಸ್ವಿಚ್. ಅವನ ತಪ್ಪಿಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದ. ಲೈಟಿನ ಸ್ವಿಚ್ಚಿಗೂ ಇದಕ್ಕೂ ಯಾಕೆ ಒಂದೇ ಹೆಸರಿಟ್ಟರೋ.

ಮೂರನೇ ಸಲ 2,350 ಕೊಟ್ಟು ಒಂದು ರೌಟರ್ ತಂದೆ. ನಾಲ್ಕು ಆಂಟೆನಾ, ನೋಡಲಿಕ್ಕೆ ಮಗುಚಿ ಬಿದ್ದ ಏಡಿಯ ಹಾಗೆ. ಪಡಸಾಲೆಯಿಂದ ಅಂಗಳದ ಮೇಲೆ ಹಾದು ಹಗ್ಗದ ಹಾಗೆ ಒಂದು ಕೇಬಲ್ ಎಳೆದು, ಮಗಳ ಕೋಣೆಯಲ್ಲಿ ರೌಟರಿನ ನೀಲಿ ತೂತಿಗೆ ಸಿಕ್ಕಿಸಿದೆ. ನೆಟ್ ಬಂತು! ಆದರೆ ಹೆಂಡತಿಯ ಫೋನಿನಿಂದ ಪಡಸಾಲೆಯ ಪ್ರಿಂಟರ್ ಕಾಣಿಸದಾಯಿತು. ಮಗಳ ಫೋನಿಗೆ ಟಿವಿ ಕಾಣಿಸದಾಯಿತು. ಒಂದೇ ಮನೆಯಲ್ಲಿ ಎರಡು ಸಂಸಾರ.

ಯಾರೋ ಹೇಳಿದರೆಂದು ನೀಲಿ ತೂತಿನಿಂದ ಕಿತ್ತು ಹಳದಿ ತೂತಿಗೆ ಹಾಕಿದೆ. ಆಗ ಶುರುವಾಯಿತು ನಿಜವಾದ ಗೋಳು. ನನ್ನ ಫೋನಿಗೆ ನೆಟ್ ಇದೆ, ಹೆಂಡತಿಯದಕ್ಕೆ ಇಲ್ಲ. ಅರ್ಧ ತಾಸಾದ ಮೇಲೆ ಅವಳದಕ್ಕೆ ಇದೆ, ಟಿವಿಗಿಲ್ಲ. ವೈಫೈ ಗುರುತು ಮಾತ್ರ ಎಲ್ಲದರಲ್ಲೂ ತುಂಬಿ ನಿಂತಿದೆ. ದೆವ್ವ ಹೊಕ್ಕವರ ಮನೆಯಂತಾಯಿತು.

ಕೊನೆಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಊರಲ್ಲೇ ಸಿಸಿಟಿವಿ ಕ್ಯಾಮೆರಾ ಕೂರಿಸುವ ಕೆಲಸ ಮಾಡುತ್ತಾನೆ. ಮೊದಲೇ ಕೇಳಬಹುದಿತ್ತು, ಅಲ್ವಾ? ಕೇಳಲಿಲ್ಲ. ಅಳಿಯನ ಮುಂದೆ ತಿಳಿಯದವನಾಗಲಿಕ್ಕೆ ಮನಸ್ಸು ಬರಲಿಲ್ಲ ಅನ್ನುವುದು ಖರೆ ಮಾತು.

ಭಾನುವಾರ ಬಂದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಕೈ ತೊಳೆದುಕೊಂಡು ಕುರ್ಚಿ ಹಾಕಿ ಹತ್ತಿ ಬಿಳಿ ಡಬ್ಬಿ ಕೆಳಗಿಳಿಸಿದ.

“ಮಾಮಾ, ಇದಕ್ಕ ನೀವು ಏನಂತ ಕರೀತೀರಿ?”

“ಮೋಡೆಮ್.”

“ಅತ್ತೀ, ನೀವು?”

“ವೈಫೈ.”

ಮಗಳು ಒಳಗಿನಿಂದ “ರೌಟರ್” ಅಂದಳು. ಅವ್ವ “ನೆಟ್ಟಿನ ಡಬ್ಬಿ” ಅಂದಳು.

ಅವನು ನಕ್ಕ. “ಆಯಿ ಹೇಳಿದ್ದ ಖರೆ. ಇದು ಒಂದು ಮಶಿನ್ ಅಲ್ರೀ ಮಾಮಾ. ಒಂದ ಡಬ್ಬ್ಯಾಗ ನಾಕು ಮಂದಿ ಕುಂತಾರ. ಯಾರ್ ಏನ್ ಕೆಲಸ ಮಾಡ್ತಾರ ಅನ್ನೂದು ಗೊತ್ತಿಲ್ದ ನೀವು ಐದನೇದಾಂವನ್ನ, ಆರನೇದಾಂವನ್ನ ಕರ್ಕೊಂಡ್ ಬಂದೀರಿ.”

ಅಲ್ಲಿಂದ ಶುರುವಾದದ್ದು ಎರಡು ತಾಸಿನ ಪಾಠ. ನನಗೆ ಅರ್ಥವಾದಷ್ಟನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ.

ಮೊದಲನೆಯವನು ಹೊರಗಿನ ಲೈನನ್ನು ಮನೆಗೆ ತಿಳಿಯುವಂತೆ ಮಾಡುವವನು. 2005ರ ಆಚೆ ಈಚೆ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ಆ ಕೆಲಸ ಮೋಡೆಮ್‌ನದು. ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎರಡೂ ಸೇರಿ ಮೋಡೆಮ್. ಕಂಪ್ಯೂಟರಿನ ಮಾತನ್ನು ತಂತಿಯ ಮೇಲೆ ಹೋಗುವ ಅಲೆಗೆ ಏರಿಸುವುದು, ಬಂದ ಅಲೆಯಿಂದ ಮಾತನ್ನು ಇಳಿಸಿಕೊಳ್ಳುವುದು. ಆಗ 256 ಕೆಬಿಪಿಎಸ್ ಬಂದರೆ ಸರ್ಕಾರದ ಲೆಕ್ಕದಲ್ಲೇ ಅದು ಬ್ರಾಡ್‌ಬ್ಯಾಂಡ್! ಅಟ್ಟದ ಪೆಟ್ಟಿಗೆಯಲ್ಲಿರುವುದು ಅದೇ. ಈಗ ಬರುವುದು ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕು. ಆ ಬೆಳಕನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವ ಭಾಗಕ್ಕೆ ಓಎನ್‌ಟಿ ಅನ್ನುತ್ತಾರೆ. ನಾವು ಬಾಯಿ ರೂಢಿಗೆ ಇನ್ನೂ ಮೋಡೆಮ್ ಅಂತಲೇ ಕರೆಯುತ್ತೇವೆ.

ಡಬ್ಬಿಗೆ ಬಂದು ಸೇರುವ ಹಸಿರು ಮೂತಿಯ ಎಳೆಯನ್ನು ಅವನು ತೋರಿಸಿದ. ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಎಳೆಯನ್ನು ಚೂಪಾಗಿ ಮಡಚಿದರೆ ಬೆಳಕು ಸೋರಿಹೋಗುತ್ತದಂತೆ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲೇಬಾರದು. ನಮ್ಮ ಲೈನಿನ ಬೆಳಕು 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲ ಅಂತಲ್ಲ. ಪಾನ್ ಅನ್ನುವ ದೀಪ ಹಸಿರಾಗಿ ಅಲುಗದೆ ನಿಂತಿದ್ದರೆ ಹೊರಗಿನ ಲೈನ್ ಸರಿ ಇದೆ. ಎಲ್‌ಓಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಲೈನಿನವರನ್ನು ಕರೆಯಬೇಕು. ಇಷ್ಟು ಗೊತ್ತಿದ್ದಿದ್ದರೆ ಆ ಹುಡುಗನನ್ನು ಮೂರು ಸಲ ಬಿಸಿಲಲ್ಲಿ ಕರೆಸುತ್ತಿರಲಿಲ್ಲ.

ಎರಡನೆಯವನು ರೌಟರ್. ಇದು ನನಗೆ ಎಲ್ಲಕ್ಕಿಂತ ಚೆನ್ನಾಗಿ ತಿಳಿಯಿತು, ಯಾಕಂದರೆ ಇದು ನಮ್ಮ ಆಫೀಸಿನ ಆವಕ-ಜಾವಕ ರಿಜಿಸ್ಟರ್. ಹೊರಗಿನವರಿಗೆ ನಮ್ಮ ಸಂಘದ ವಿಳಾಸ ಒಂದೇ. ಒಳಗೆ ಹನ್ನೊಂದು ಟೇಬಲ್. ಸಾಲದ ವಿಭಾಗದ ಪತ್ರ ಹೋಗುವಾಗ ಜಾವಕ ನಂಬರ್ ಬರೆದಿಡುತ್ತೇವೆ. ಉತ್ತರ ಬಂದಾಗ ಆ ನಂಬರ್ ನೋಡಿ ಅದೇ ಟೇಬಲ್ಲಿಗೆ ಮುಟ್ಟಿಸುತ್ತೇವೆ. ರೌಟರ್ ಮಾಡುವುದೂ ಇದನ್ನೇ. ಇಡೀ ಮನೆಗೆ ಹೊರಗಿನ ವಿಳಾಸ ಒಂದು. ಒಳಗೆ ಫೋನು, ಟಿವಿ, ಪ್ರಿಂಟರ್ ಎಲ್ಲಕ್ಕೂ 192.168 ಅಂತ ಶುರುವಾಗುವ ಮನೆಯೊಳಗಿನ ನಂಬರ್. ಯಾರು ಏನು ಕೇಳಿದರು ಅಂತ ಬರೆದಿಟ್ಟುಕೊಂಡು, ಉತ್ತರ ಬಂದಾಗ ಅವರಿಗೇ ಕೊಡುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಹಳೇ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಜಗತ್ತಿನ ಪ್ರತಿ ಫೋನಿಗೂ ಒಂದೊಂದು ಕೊಡಲು ಸಾಲುವುದಿಲ್ಲ. 192.168ರ ನಂಬರುಗಳನ್ನು ಒಳಗಿನ ಬಳಕೆಗೆಂದೇ ಬಿಟ್ಟುಕೊಟ್ಟಿದ್ದಾರೆ. ಪಕ್ಕದ ಮನೆಯಲ್ಲೂ 192.168.1.5 ಇರಬಹುದು, ಜಗಳವಿಲ್ಲ. ಎಲ್ಲ ಆಫೀಸಲ್ಲೂ ಒಂದನೇ ಟೇಬಲ್ ಇರುವುದಿಲ್ಲವೇ?

ಒಳಗಿನ ನಂಬರ್ ಹಂಚುವುದೂ ಸಾಮಾನ್ಯವಾಗಿ ರೌಟರಿನದೇ ಕೆಲಸ, ಡಿಎಚ್‌ಸಿಪಿ ಅಂತ. ಬಂದವರಿಗೆ ಟೋಕನ್ ಕೊಡುವ ಹಾಗೆ. ನನ್ನ ದೆವ್ವದ ಮನೆಯ ಗುಟ್ಟು ಇಲ್ಲಿತ್ತು. ನಾನು ಹಳದಿ ತೂತಿಗೆ, ಅಂದರೆ ಒಳಗಿನವರ ಸಾಲಿಗೆ, ಹಾಕಿದಾಗ ಎರಡು ಡಬ್ಬಿಗಳೂ ಟೋಕನ್ ಹಂಚಲು ಕೂತವು. ಹೊಸ ಫೋನ್ ಬಂದು “ನಂಬರ್ ಕೊಡಿ” ಅಂದಾಗ ಯಾರು ಮೊದಲು ಕೈ ಚಾಚಿದರೋ ಅವರ ಟೋಕನ್. ಬಿಳಿ ಡಬ್ಬಿಯದು ಸಿಕ್ಕಿದವರಿಗೆ ನೆಟ್. ಆ ಏಡಿ ರೌಟರಿನದು ಸಿಕ್ಕಿದವರಿಗೆ “ಹೊರಗೆ ಹೋಗುವ ದಾರಿ ನಾನೇ” ಅನ್ನುವ ಸುಳ್ಳು ಭರವಸೆ. ಅದರ ಹೊರಬಾಗಿಲು, ಅಂದರೆ ಆ ನೀಲಿ ತೂತು, ಖಾಲಿ ಇತ್ತಲ್ಲ. ನೀಲಿಗೆ ಹಾಕಿದಾಗ ಆದದ್ದು ಇನ್ನೊಂದು ಕಥೆ. ಆಫೀಸಿನೊಳಗೆ ಇನ್ನೊಂದು ಆಫೀಸ್, ಅದಕ್ಕೆ ಬೇರೆ ಆವಕ-ಜಾವಕ. ಪತ್ರ ಹೋಗುತ್ತದೆ, ಬರುತ್ತದೆ. ಆದರೆ “ಇಲ್ಲಿ ಪ್ರಿಂಟರ್ ಯಾರಿದ್ದೀರಿ?” ಎಂದು ಕೂಗಿದರೆ ಕೂಗು ಒಳಬಾಗಿಲು ದಾಟುವುದಿಲ್ಲ.

ಮೂರನೆಯವನು ಸ್ವಿಚ್. ಬಿಳಿ ಡಬ್ಬಿಯ ಹಿಂದೆ ನಾಲ್ಕು ಕೇಬಲ್ ತೂತುಗಳಿದ್ದವಲ್ಲ, ಅವು ಇವನವು. ನಾನು ತಂದ ಐದು ತೂತಿನ ಕಬ್ಬಿಣದ ಡಬ್ಬಿಯೂ ಅದೇ ಜಾತಿ. ಇವನು ಆಫೀಸಿನ ಸಿಪಾಯಿ. ಹೊರಗಿನ ಟಪಾಲಿಗೂ ಇವನಿಗೂ ಸಂಬಂಧ ಇಲ್ಲ, ಟೋಕನ್ ಹಂಚುವುದಿಲ್ಲ. ಯಾವ ತೂತಿನಾಚೆ ಯಾರು ಕೂತಿದ್ದಾರೆ ಎಂದು ಮುಖ ಗುರುತಿಟ್ಟುಕೊಂಡು ಅವರ ಕಾಗದ ಅವರ ಕೈಗೇ ಕೊಡುತ್ತಾನೆ. ಮುಖ ಅಂದರೆ ಪ್ರತಿ ಯಂತ್ರಕ್ಕೂ ಕಾರ್ಖಾನೆಯಿಂದ ಬರುವ ಮ್ಯಾಕ್ ವಿಳಾಸ. ಹಿಂದೆ ಹಬ್ ಅಂತ ಒಂದು ಇತ್ತು. ನೋಡಲಿಕ್ಕೆ ಹೀಗೇ. ಅದಕ್ಕೆ ಯಾರ ಗುರುತೂ ಇಲ್ಲ. ಬಂದ ಪ್ರತಿ ಕಾಗದವನ್ನೂ ಎಲ್ಲ ಟೇಬಲ್ಲಿಗೂ ಹಂಚಿಬಿಡುವ ಭೋಳೆ ಸ್ವಭಾವ. ಈಗ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ನಾಲ್ಕನೆಯವನು ಆಕ್ಸೆಸ್ ಪಾಯಿಂಟ್. ಕೇಬಲ್ಲಿನಲ್ಲಿ ಬಂದದ್ದನ್ನು ಗಾಳಿಗೆ ಬಿಡುವವನು, ಗಾಳಿಯಲ್ಲಿ ಬಂದದ್ದನ್ನು ಕೇಬಲ್ಲಿಗೆ ಹಾಕುವವನು. ನಾವು ವೈಫೈ ಅನ್ನುವುದು ಇವನನ್ನೇ. ನಮ್ಮ ಮನೆಯಲ್ಲಿ ಕಮ್ಮಿ ಬಿದ್ದಿದ್ದದ್ದು ಇವನೊಬ್ಬನೇ, ಅದೂ ಹಿಂದಿನ ಕೋಣೆಯಲ್ಲಿ. ಲೈನ್ ಸರಿ ಇತ್ತು, ರೌಟರ್ ಸರಿ ಇತ್ತು. ನಾನು ತಂದದ್ದು ಮಾತ್ರ ದೊಡ್ಡ ಪ್ಲಾನು, ರಿಪೀಟರ್, ಸ್ವಿಚ್, ಇನ್ನೊಂದು ರೌಟರ್.

“ಹಂಗಾರ ಇನ್ನೊಂದು ತರಬೇಕೇನು?” ಎಂದೆ, ಪರ್ಸು ಮುಟ್ಟಿ ನೋಡಿಕೊಳ್ಳುತ್ತಾ.

“ಏನೂ ಬ್ಯಾಡ್ರಿ. ಈ ಏಡಿನ್ನ ಆಕ್ಸೆಸ್ ಪಾಯಿಂಟ್ ಮಾಡೂಣು. ಇದರಾಗಿನ ರೌಟರ್‌ಗೆ ರಜಾ ಕೊಟ್ರ ಆತು.”

ಇನ್ನೊಂದು ಅನುಮಾನ ಕೇಳಿಯೇಬಿಟ್ಟೆ. ನಮ್ಮ ವೈಫೈಗೆ ಎರಡು ಹೆಸರು ಬರುತ್ತವೆ, ಒಂದರ ಕೊನೆಗೆ 5ಜಿ ಅಂತಿದೆ. ಮೊಬೈಲಿನ 5ಜಿ ಈ ಡಬ್ಬಿಗೂ ಬಂದಿದೆ ಎಂದು ನಾನು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಅದು ಐದು ಗಿಗಾಹರ್ಟ್ಸ್ ಅಂತೆ, ರೇಡಿಯೋ ಅಲೆಯ ಕಂಪನದ ಲೆಕ್ಕ. ಮೊಬೈಲಿನದು ಐದನೇ ತಲೆಮಾರು. ಎರಡಕ್ಕೂ ಏನೇನೂ ಸಂಬಂಧ ಇಲ್ಲ. ಐದು ಗಿಗಾಹರ್ಟ್ಸಿನದು ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋಲುತ್ತದೆ. ಇನ್ನೊಂದು ಹೆಸರಿನ 2.4 ಗಿಗಾಹರ್ಟ್ಸಿನದು ನಿಧಾನ, ಆದರೆ ಸ್ವಲ್ಪ ದೂರ ಹೋಗುತ್ತದೆ. ಅಜ್ಜನ ಗೋಡೆಗೆ ಎರಡೂ ಒಂದೇ.

ಮೆಶ್ ಅಂತ ಇನ್ನೊಂದಿದೆ, ಎರಡು ಮೂರು ಡಬ್ಬಿ ಒಂದೇ ಹೆಸರಿನಲ್ಲಿ ತಾವೇ ಮಾತಾಡಿಕೊಂಡು ನಡೆಯುವಂಥವು. ಅಂಗಡಿಯವನು ಅದನ್ನೂ ತೋರಿಸಿದ್ದ. ಕೇಬಲ್ ಎಳೆಯಲಾಗದ ಮನೆಗೆ ಅದು ಒಳ್ಳೆಯದಂತೆ. ಆದರೆ ಕೇಬಲ್ ಇಲ್ಲದೆ ಅವೂ ಅದೇ ಗೋಡೆಯ ಮೂಲಕವೇ ಮಾತಾಡಬೇಕಲ್ಲ.

ಹಾಗಾಗಿ ಕೇಬಲ್ ಎಳೆಯುವುದೇ ಗತಿ. ಗೋಡೆಗೆ ತೂತು? ಅಳಿಯನ ಡ್ರಿಲ್ಲಿನ ಬಿಟ್ಟು ಒಂದು ಅಡಿಯದು. ಗೋಡೆ ಎರಡು ಅಡಿ. ಅವನು ಗೋಡೆ ತಟ್ಟುತ್ತಾ ನಿಂತಿದ್ದಾಗ ಅವ್ವ ಅಂದಳು, “ಹಳೇ ಫೋನಿನ ವಾಯರ್ ಹ್ವಾದ ತೂತ ಇಲ್ಲೇನೋ? ಫೋಟೋದ ಹಿಂದ.” ಲಕ್ಷ್ಮಿಯ ಫೋಟೋ ಇಳಿಸಿದೆವು. ಹಿಂದೆ ಇರುವೆ ಬಾರದಿರಲಿ ಎಂದು ಹಳೇ ಪತ್ರಿಕೆ ತುರುಕಿ ಸುಣ್ಣ ಬಳಿದ ತೂತು. ಇಪ್ಪತ್ತು ವರ್ಷದ ಹಿಂದೆ ಟೆಲಿಫೋನಿನವರು ಒಂದು ದಿನ ಪೂರ್ತಿ ಕೊರೆದದ್ದು. ಕಡ್ಡಿಯಿಂದ ಎಬ್ಬಿದಾಗ ಪುಡಿಪುಡಿ ಕಾಗದ ಉದುರಿತು, ಆಮೇಲೆ ಆಚೆಯ ಬೆಳಕು ಕಂಡಿತು. ಒಂದೇ ಕೇಬಲ್ ಹಿಡಿಯುವಷ್ಟು ಜಾಗ.

“ಈಗ ನಿಮ್ಮ ಸ್ವಿಚ್ಚಿಗೆ ಕೆಲಸ ಬಂತ್ ನೋಡ್ರಿ” ಅಂದ. ಪಡಸಾಲೆಯಿಂದ ಒಂದೇ ಕೇಬಲ್ ನಡುಮನೆಗೆ. ಅಲ್ಲಿ ಸ್ವಿಚ್. ಸ್ವಿಚ್ಚಿನಿಂದ ಒಂದು ಮಗಳ ಕೋಣೆಗೆ, ಒಂದು ಟಿವಿಗೆ. ಟಿವಿಯನ್ನು ಪಡಸಾಲೆಯಿಂದ ನಡುಮನೆಗೆ ಬದಲಿಸಿದ್ದು ಮಗಳ ಒತ್ತಾಯಕ್ಕೆ. ಮೇಲಿನ ಕೋಣೆಗೆ ಕೆಳಗಿನ ವೈಫೈ ಸಾಕು ಅಂದ, ನಡುವೆ ಇರುವುದು ಸಾದಾ ಸ್ಲ್ಯಾಬ್. ಸಾಕೂ ಆಯಿತು.

ಕೇಬಲ್ಲಿನ ತುದಿಗೆ ಪ್ಲಾಸ್ಟಿಕ್ಕಿನ ಮೂತಿ ಒತ್ತುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದೆ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಹೊಸೆದ ನಾಲ್ಕು ಜೋಡಿ. ಹೊಸೆತ ಬಿಚ್ಚಿ, ಬೆರಳಲ್ಲಿ ನೀವಿ ನೀವಿ ಸಾಲಾಗಿ ಹಿಡಿಯಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಯಾಕೆ ಬಂದು ಕೂತಿತು ಅಂತ ಕೇಳಿದರೆ “ರೂಲ್ಸ್ ಹಂಗೈತ್ರಿ” ಅಂದ. ತುದಿ ಸಮ ಕತ್ತರಿಸಿ, ಮೂತಿಯೊಳಗೆ ತಳ್ಳಿ, ಇಕ್ಕಳದಿಂದ ಒತ್ತಿದ. ಕಟ್ ಅಂತ ಸದ್ದು. ಎರಡನೇ ತುದಿಯನ್ನು ನಾನು ಮಾಡುತ್ತೇನೆ ಅಂದೆ. ಹಟ.

ಎಲ್ಲ ಜೋಡಿಸಿ ಆಯಿತು. ಏಡಿಯಲ್ಲಿ ಡಿಎಚ್‌ಸಿಪಿ ಬಂದ್ ಮಾಡಿ, ಅದರ ವಿಳಾಸ 192.168.1.2 ಎಂದು ಬದಲಿಸಿ, ನೀಲಿ ತೂತು ಖಾಲಿ ಬಿಟ್ಟು ಹಳದಿಗೆ ಕೇಬಲ್ ಹಾಕಿದ. ವೈಫೈ ಹೆಸರು, ಪಾಸ್‌ವರ್ಡ್ ಪಡಸಾಲೆಯ ಬಿಳಿ ಡಬ್ಬಿಯದೇ ಇಟ್ಟ. 2.4ರ ಚಾನೆಲ್ ಮುಂದೆ 1, ಹಿಂದೆ 11, ಒಂದರ ಮಾತಿಗೆ ಇನ್ನೊಂದು ಅಡ್ಡ ಬಾರದ ಹಾಗೆ. ಮಗಳ ಕೋಣೆಯಲ್ಲಿ ಅಳೆದೆವು. 94. ಮೂರು ಇದ್ದಲ್ಲಿ ತೊಂಬತ್ತನಾಲ್ಕು! ನಾನು ಪೇಡಾ ತರಲು ಹೊರಟೆ.

ಅಳಿಯ ಮಾತ್ರ ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಅಳೆದ. 94. ಮತ್ತೊಮ್ಮೆ. 94.

“ಹಿಂಗ್ ಗೆರಿ ಕೊರದಂಗ ತೊಂಬತ್ನಾಕಕ್ಕ ನಿಂತ್ರ ಅದು ವಾಯರಿನ ರೋಗ ಮಾಮಾ. ನೀವು ಒತ್ತಿದ ತುದಿ ತೋರಿಸ್ರಿ.”

ಟೆಸ್ಟರಿಗೆ ಹಾಕಿದ. ಒಂದರಿಂದ ಎಂಟರ ತನಕ ದೀಪ ಒಂದೊಂದಾಗಿ ಹೊತ್ತಬೇಕು. ಏಳನೆಯದು ಹೊತ್ತಲಿಲ್ಲ. ನನ್ನ ಬಿಳಿ-ಕಂದು ಎಳೆ ಮೂತಿಯ ಕೊನೆ ತನಕ ಹೋಗಿಯೇ ಇರಲಿಲ್ಲ. 100 ಎಂಬಿಪಿಎಸ್ಸಿಗೆ ಎರಡು ಜೋಡಿ ಎಳೆ ಸಾಕು, ಗಿಗಾಬಿಟ್ಟಿಗೆ, ಅಂದರೆ 1000 ಎಂಬಿಪಿಎಸ್ಸಿಗೆ, ನಾಲ್ಕೂ ಜೋಡಿ ಬೇಕು. ಉಳಿದ ಎರಡು ಜೋಡಿಯಲ್ಲಿ ಒಂದು ಎಳೆ ತಪ್ಪಿದರೂ ಎರಡು ಕಡೆಯ ಯಂತ್ರಗಳು ಸಾಮಾನ್ಯವಾಗಿ ಸುಮ್ನೆ 100ಕ್ಕೆ ಇಳಿದು ಕೆಲಸ ಮಾಡುತ್ತವೆ, ಯಾರಿಗೂ ಹೇಳುವುದಿಲ್ಲ. ವಿಳಾಸ, ಗುರುತು ಇಂಥ ಲೆಕ್ಕಪತ್ರಕ್ಕೆ ಹೋಗುವುದನ್ನು ಕಳೆದು ಕೈಗೆ ಸಿಗುವುದು 94ರ ಸುಮಾರು. ನನ್ನ ಮೂತಿ ಕತ್ತರಿಸಿ ಬಿಸಾಕಿ ಅವನೇ ಹೊಸದು ಒತ್ತಿದ. 180 ಬಂತು. ಪೇಡಾ ತಿನ್ನುವಾಗ ಯಾರೂ ಆ ಮಾತು ಎತ್ತಲಿಲ್ಲ, ಮಗಳ ಹೊರತು.

ಒಂದು ತಿಂಗಳು ಎಲ್ಲ ಸುಸೂತ್ರ. ದಸರೆಯ ಮುಂದೆ ಒಂದು ದಿನ ಮಧ್ಯಾಹ್ನ ಆಫೀಸಿಗೆ ಹೆಂಡತಿಯ ಫೋನು. “ರೀ, ಮನಿ ತುಂಬ ನೆಟ್ ಇಲ್ಲ. ಮುಂದೂ ಇಲ್ಲ, ಹಿಂದೂ ಇಲ್ಲ.” ಡಬ್ಬಿ ಆಫ್ ಮಾಡಿ ಆನ್ ಮಾಡು ಅಂದೆ. ಮೂರು ಸಲ ಮಾಡಿದಳು. ಪಾನ್ ದೀಪ? ಹಸಿರಾಗಿ ನಿಂತಿದೆ. ಎಲ್‌ಓಎಸ್ ಕೆಂಪು ಇಲ್ಲ. ಅಂದರೆ ಲೈನ್ ಸರಿ ಇದೆ, ರೋಗ ಮನೆಯೊಳಗೇ ಇದೆ. ಇಷ್ಟು ಗೊತ್ತಾಗುವಷ್ಟು ನಾನು ಈಗ ಬಲಿತಿದ್ದೆ.

ಸಂಜೆ ಹೋಗಿ ನೋಡಿದರೆ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ, ಗಣಪತಿ ಮಂಟಪದ ಸೀರಿಯಲ್ ಸೆಟ್ಟಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅಳಿಯನಿಗೆ ವಿಡಿಯೋ ಕಾಲ್ ಹಚ್ಚಿ ತೋರಿಸಿದೆ, ಮೊಬೈಲ್ ಡೇಟಾದಲ್ಲಿ. ಅವನು ಎರಡೇ ಸೆಕೆಂಡು ನೋಡಿದ. “ಒಂದ ವಾಯರಿನ ಎರಡೂ ತುದಿ ಅದರಾಗ ಅದಾವ ಏನ್ ನೋಡ್ರಿ.”

ಇದ್ದವು. ಲ್ಯಾಪ್‌ಟಾಪಿಗೆಂದು ಒಂದು ಗಿಡ್ಡ ಕೇಬಲ್ ಸ್ವಿಚ್ಚಿನಿಂದ ಜೋತು ಬಿಟ್ಟಿದ್ದೆವು. ಅದರ ಖಾಲಿ ತುದಿಯನ್ನು ಯಾರೋ ಖಾಲಿ ತೂತಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು.

“ಹಬ್ಬಕ್ಕ ಧೂಳ ಹೊಡ್ಯಾಕತ್ತಿದ್ನಿ” ಅಂದಳು ಅವ್ವ. “ವಾಯರ್ ಬಿದ್ದ ಹೊಳ್ಳ್ಯಾಡತಿತ್ತು. ತೂತ ಖಾಲಿ ಇತ್ತು, ಹಾಕಿದೆ. ತಪ್ಪೇನೋ ತಮ್ಮಾ?”

ತಪ್ಪು ಅಂತ ಹೇಗೆ ಹೇಳುವುದು? ಮೂತಿ ಹೊಂದುತ್ತದೆ, ತೂತು ಖಾಲಿ ಇದೆ. ಆದರೆ ಕೆಲವು ಮಾತು ಎಲ್ಲರಿಗೂ ಕೂಗಿ ಹೇಳುವಂಥವು. ಅವನ್ನು ಸ್ವಿಚ್ ಎಲ್ಲ ತೂತಿಗೂ ಕಳಿಸುತ್ತದೆ. ಅದು ಈ ಕೇಬಲ್ಲಿನಲ್ಲಿ ಹೋಗಿ ತನ್ನ ಹತ್ತಿರವೇ ವಾಪಸು ಬರುತ್ತದೆ. ಹೊಸದು ಬಂತೆಂದು ಮತ್ತೆ ಎಲ್ಲರಿಗೂ ಕಳಿಸುತ್ತದೆ. ಒಂದು ಕೂಗು ನಿಲ್ಲದೆ ಸುತ್ತುತ್ತದೆ, ಬೇರೆ ಯಾರ ಮಾತಿಗೂ ಜಾಗ ಉಳಿಯುವುದಿಲ್ಲ. ದುಬಾರಿ ಸ್ವಿಚ್ಚುಗಳು ಇದನ್ನು ಕಂಡುಹಿಡಿದು ಆ ತೂತನ್ನು ಮುಚ್ಚುತ್ತವೆ. ನಮ್ಮ 1,150ರದಕ್ಕೆ ಆ ಬುದ್ಧಿ ಇಲ್ಲ. ಕೇಬಲ್ ಕಿತ್ತೆ. ಒಂದು ಕ್ಷಣದಲ್ಲಿ ದೀಪಗಳು ಶಾಂತವಾದವು.

ಮರುವಾರ ಅಳಿಯ ಬಂದವನು ಖಾಲಿ ತೂತುಗಳ ಮೇಲೆ ಕೆಂಪು ಟೇಪ್ ಅಂಟಿಸಿದ. ಕರೆಂಟ್ ಹೋದಾಗಲೂ ನಡೆಯಲೆಂದು ಬಿಳಿ ಡಬ್ಬಿಗೆ ಒಂದು ಪುಟ್ಟ 12 ವೋಲ್ಟಿನ ಯುಪಿಎಸ್ ಹಚ್ಚಿದ. ಮೊದಲ ಸಲ ಕರೆಂಟ್ ಹೋದಾಗ ಬಿಳಿ ಡಬ್ಬಿ ಉಳಿಯಿತು, ನಡುಮನೆಯ ಸ್ವಿಚ್ಚೂ ಏಡಿಯೂ ಮಲಗಿದವು, ಹಿಂದಿನ ಕೋಣೆ ಎಂದಿನ ಹಾಗೆ ಕತ್ತಲೆ. ಅವಕ್ಕೂ ಒಂದೊಂದು ಬೇಕು ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಅಟ್ಟದ ಪೆಟ್ಟಿಗೆಯ ಅಡಾಪ್ಟರ್ ಒಂದನ್ನು ಹಾಕಲು ಹೋದ ನನ್ನನ್ನು ಅಳಿಯ ತಡೆದ. ಮೂತಿ ಹೊಂದಿದರೂ ಒಂದು 9 ವೋಲ್ಟ್, ಒಂದು 12, ಸ್ವಿಚ್ಚಿನದು 5.

ಹೋಗುವಾಗ ಅವ್ವ ಅವನನ್ನು ನಿಲ್ಲಿಸಿ, ಸ್ವಿಚ್ಚು ತೋರಿಸಿ ಕೇಳಿದಳು, “ಇದರಾಗ ನನ್ನ ಪ್ರವಚನದ ದೀಪ ಯಾವುದೋ?”

“ಮೂರನೇದು ನೋಡ್ ಆಯಿ.”

ಈಗ ಪ್ರವಚನ ನಡುವೆ ನಿಂತರೆ ಅವ್ವ ನನ್ನನ್ನು ಕರೆಯುವುದಿಲ್ಲ. ಎದ್ದು ಹೋಗಿ ಮೂರನೇ ದೀಪ ನೋಡುತ್ತಾಳೆ. ಮಿಣುಕುತ್ತಿದ್ದರೆ, “ನಮ್ಮನ್ಯಾಗಿಂದೇನೂ ಇಲ್ಲ, ಹೊರಗಿಂದೈತಿ” ಎಂದು ಹೇಳಿ ಬಂದು ಕೂರುತ್ತಾಳೆ. ಎರಡು ಸಲ ಸರಿಯಾಗಿದೆ. ಒಂದು ಸಲ ರಿಮೋಟಿನ ಸೆಲ್ಲು ಹೋಗಿತ್ತು.